ಹೊಲದ ಮೂಲೆಯಲ್ಲಿ, ತಕ್ಕಡಿಯಲ್ಲಿ ಪರಿಶುದ್ಧತೆ

ನಮ್ಮ ಕಡೆ ಮನೆ ಪ್ರಾರ್ಥನೆಯಲ್ಲಿ ಸಾಕ್ಷಿ ಹೇಳುವ ಹೊತ್ತು ಬಂತೆಂದರೆ ಮಾತು ಯಾವ ದಾರಿ ಹಿಡಿಯುತ್ತದೆ ಅಂತ ಕೂತವರಿಗೆಲ್ಲ ಮೊದಲೇ ಗೊತ್ತಿರುತ್ತದೆ. ಪಡಸಾಲೆಯಲ್ಲಿ ಜಮಖಾನ ಹಾಸಿರುತ್ತಾರೆ. ಗಂಡಸರು ಒಂದು ಬದಿ, ಹೆಣ್ಣುಮಕ್ಕಳು ತಲೆ ಮೇಲೆ ಸೆರಗು ಹೊದ್ದು ಇನ್ನೊಂದು ಬದಿ. ಎದ್ದು ನಿಂತವರು ತಾವು ಬಿಟ್ಟದ್ದನ್ನು ಹೇಳುತ್ತಾರೆ: ಬೀಡಿ ಬಿಟ್ಟೆ, ಗುಟ್ಕಾ ಬಿಟ್ಟೆ, ಸೆರೆ ಬಿಟ್ಟೆ, ಇಸ್ಪೀಟು ಬಿಟ್ಟೆ. ಎಲ್ಲರೂ "ಕರ್ತನಿಗೆ ಸ್ತೋತ್ರ" ಅನ್ನುತ್ತಾರೆ. ಅನ್ನಲೇಬೇಕು. ಸೆರೆ ಬಿಟ್ಟ ಮನೆಯಲ್ಲಿ ಒಲೆ ಹೇಗೆ ಹೊತ್ತಿತು, ಮಕ್ಕಳು ಹೇಗೆ ಮತ್ತೆ ಸಾಲಿಗೆ ಹೋದವು ಅನ್ನುವುದನ್ನು ಕಂಡವರು ಆ ಸಾಕ್ಷಿಯನ್ನು ಹಗುರ ಮಾಡಲಾರರು. ಆದರೆ "ನನ್ನ ಹೊಲದಾಗ ದುಡಿಯೋರಿಗೆ ಸಂತಿ ಕೂಡೋದ್ರೊಳಗ ಪಗಾರ ಕೊಡಾಕ ಹತ್ತೇನಿ" ಅನ್ನುವ ಸಾಕ್ಷಿ ಅಪರೂಪ. "ಹೆಚ್ಚಿಗೆ ಹಿಡಿದ ತೂಕ ಲೆಕ್ಕ ಮಾಡಿ ತಿರುಗಿ ಕೊಟ್ಟೆ" ಅನ್ನುವುದು ಇನ್ನೂ ಅಪರೂಪ.

ಇದು ಯಾಕೆ ಕಾಡುತ್ತದೆಂದರೆ, ಪರಿಶುದ್ಧರಾಗಿರಿ ಅನ್ನುವ ಕರೆ ಇಡೀ ಇಸ್ರಾಯೇಲ್ ಜನಕ್ಕೆ ನೇರವಾಗಿ ಕೇಳಿಬರುವ, ಬೈಬಲಿನ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಬೀಡಿ-ಸೆರೆಯ ಮಾತು ಇಲ್ಲವೇ ಇಲ್ಲ. ವಿಗ್ರಹದ ಮಾತು, ಕಣಿ ಕೇಳಬಾರದೆನ್ನುವ ಮಾತು ಅಲ್ಲಿವೆ, ನಿಜ. ಅವುಗಳ ನಡುನಡುವೆಯೇ ಕೂಲಿಯಾಳಿನ ಪಗಾರ ಇದೆ, ತಕ್ಕಡಿ ಇದೆ, ಹೊಲದ ಮೂಲೆ ಇದೆ, ಚಾಡಿ ಇದೆ, ಕಿವುಡರು, ಕುರುಡರು, ನರೆತ ತಲೆಯವರು ಇದ್ದಾರೆ, ಪರದೇಶಿ ಇದ್ದಾನೆ. ಯೇಸುವಿನ ಶಿಷ್ಯ ಪೇತ್ರನು ತನ್ನ ಮೊದಲನೆಯ ಪತ್ರಿಕೆಯಲ್ಲಿ ಇದೇ ಕರೆಯನ್ನು ಎತ್ತಿಕೊಂಡು, ನಿಮ್ಮ ಎಲ್ಲಾ ನಡವಳಿಕೆಯಲ್ಲಿ ಪರಿಶುದ್ಧರಾಗಿರಿ ಅನ್ನುತ್ತಾನೆ. ಎಲ್ಲಾ ನಡವಳಿಕೆ ಅಂದಮೇಲೆ ರವಿವಾರದ ಆರಾಧನೆಗೆ ಅದು ಮುಗಿಯುವುದಿಲ್ಲ. ಕಣದಲ್ಲಿ, ಅಂಗಡಿಯಲ್ಲಿ, ಬಟವಾಡೆಯ ಹೊತ್ತಿನಲ್ಲಿ ನಾವು ಹೇಗಿರುತ್ತೇವೆ ಅನ್ನುವುದೂ ಬಂತು.

ಬಿಡುಗಡೆ ಮೊದಲು, ಆಜ್ಞೆ ಆಮೇಲೆ

ಆ ಒಂದೇ ಅಧ್ಯಾಯದಲ್ಲಿ "ನಾನು ಯೆಹೋವನು" ಅನ್ನುವ ಮಾತು 15 ಸಲ ಬರುತ್ತದೆ. ಮೂಲೆ ಬಿಡಿ, ನಾನು ಯೆಹೋವನು. ಚಾಡಿ ಹೇಳಬೇಡಿ, ನಾನು ಯೆಹೋವನು. ಪ್ರತಿ ಆಜ್ಞೆಯ ಕೆಳಗೆ ದೇವರು ತನ್ನ ಹೆಸರನ್ನೇ ರುಜು ಹಾಕಿದಂತೆ ಇದೆ. ಕೊನೆಗೆ ತಕ್ಕಡಿಯ ಮಾತಿನಲ್ಲಿ ಆ ಹೆಸರಿನ ಜೊತೆ ಇನ್ನೊಂದು ಸೇರುತ್ತದೆ: ನಿಮ್ಮನ್ನು ಐಗುಪ್ತದಿಂದ, ಅಂದರೆ ಈಜಿಪ್ಟಿನ ದಾಸತ್ವದಿಂದ ಬಿಡಿಸಿದವನು. ಈ ಅನುಕ್ರಮ ತಪ್ಪಿದರೆ ಎಲ್ಲವೂ ತಪ್ಪುತ್ತದೆ. ಆ ಬಿಡುಗಡೆಯ ಕಥೆ ಹೇಳುವ ವಿಮೋಚನಕಾಂಡ ಮೊದಲು, ಯಾಜಕಕಾಂಡ ಆಮೇಲೆ. ಜನ ಒಳ್ಳೆಯವರಾದ ಮೇಲೆ ದೇವರು ಬಿಡಿಸಲಿಲ್ಲ. ಬಿಡಿಸಿ ತನ್ನವರನ್ನಾಗಿ ಮಾಡಿಕೊಂಡು, ಇನ್ನು ನನ್ನ ಹಾಗೆ ಇರಿ ಅಂದನು. ಪೇತ್ರನೂ ಹಾಗೆಯೇ. ಬೆಳ್ಳಿ ಬಂಗಾರದಿಂದಲ್ಲ, ಕ್ರಿಸ್ತನ ಅಮೂಲ್ಯ ರಕ್ತದಿಂದ ಬಿಡುಗಡೆಯಾಗಿದ್ದೀರಿ ಅನ್ನುವುದನ್ನು ಪರಿಶುದ್ಧತೆಗೆ ಕಾರಣವಾಗಿ ಕೊಡುತ್ತಾನೆ.

ಇದನ್ನು ಮರೆತಾಗ ಎರಡು ಕಡೆ ಜಾರುತ್ತೇವೆ. ಒಂದು, ನಡತೆಯನ್ನು ರಕ್ಷಣೆಗೆ ಕೊಡುವ ಬೆಲೆ ಮಾಡಿಕೊಳ್ಳುವುದು. ಹಾಗಾದಾಗ ಮನುಷ್ಯ ಎಣಿಸಬಹುದಾದ, ನಾಲ್ಕು ಜನರಿಗೆ ಕಾಣುವ ಸಂಗತಿಗಳನ್ನೇ ಹುಡುಕುತ್ತಾನೆ. ಗುಟ್ಕಾ ಬಿಟ್ಟದ್ದು ಕಾಣುತ್ತದೆ, ಬಿಳಿ ಸೀರೆ ಕಾಣುತ್ತದೆ, ಆಳಿಗೆ ಹೊತ್ತಿಗೆ ಸರಿಯಾಗಿ ರೊಕ್ಕ ಕೊಟ್ಟದ್ದು ಆಳಿಗೆ ಮಾತ್ರ ಗೊತ್ತು. ಇನ್ನೊಂದು, "ಕೃಪಾ ಐತಲ್ರಿ" ಅಂತ ಕೈ ತೊಳೆದುಕೊಳ್ಳುವುದು. ಕೃಪೆ ಹೆಚ್ಚಲಿ ಅಂತ ಪಾಪದಲ್ಲಿ ಇರೋಣವೋ ಅನ್ನುವ ಪ್ರಶ್ನೆಗೆ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯದಲ್ಲಿ ಎಂದಿಗೂ ಇಲ್ಲ ಅಂತ ಹೇಳಿ ಮುಗಿಸಿದ್ದಾನೆ. ಅದರ ಮೇಲೆ ಸೇರಿಸುವಂಥದ್ದು ಏನೂ ಇಲ್ಲ.

ಮೂಲೆ ಎಷ್ಟು ಬಿಡಬೇಕು

ಡೋಣಿ ಬೆಳೆದರೆ ಓಣಿಗೆಲ್ಲ ಕಾಳು ಅನ್ನುವ ಡೋಣಿ ನದಿಯ ಸೀಮೆಯವರಿಗೆ ಹಕ್ಕಲು ಅಂದರೆ ಏನು ಅಂತ ವಿವರಿಸಬೇಕಿಲ್ಲ. ಬಿಳಿಜೋಳ ಕಿತ್ತು, ತೆನೆ ಮುರಿದು ಕಣಕ್ಕೆ ಸಾಗಿಸಿದ ಮೇಲೆ ಎರೆ ಹೊಲದ ಬಿರುಕುಗಳ ನಡುವೆ ಅಲ್ಲೊಂದು ಇಲ್ಲೊಂದು ತೆನೆ ಬಿದ್ದಿರುತ್ತದೆ. ಉಡಿ ಕಟ್ಟಿಕೊಂಡ ಹೆಣ್ಣುಮಕ್ಕಳು ಬಗ್ಗಿ ಬಗ್ಗಿ ಆರಿಸುತ್ತ ಹೋಗುತ್ತಾರೆ. ಕೆಲವು ಹೊಲದವರು ನೋಡಿಯೂ ನೋಡದ ಹಾಗೆ ಇರುತ್ತಾರೆ, ಕೆಲವರು ಬದುವಿನ ಮೇಲೆ ನಿಂತು ಕೂಗಿ ಓಡಿಸುತ್ತಾರೆ. ಮೋಶೆಯ ಧರ್ಮಶಾಸ್ತ್ರ ಇದನ್ನು ಹೊಲದೊಡೆಯನ ಮರ್ಜಿಗೆ ಬಿಡಲಿಲ್ಲ. ಮೂಲೆಯ ಪೈರನ್ನು ಪೂರ್ತಿ ಕೊಯ್ಯಬೇಡ, ಹಕ್ಕಲು ಆಯಬೇಡ, ದ್ರಾಕ್ಷಿತೋಟದಲ್ಲಿ ಉದುರಿದ್ದನ್ನು ಕೂಡಿಸಬೇಡ, ಅದು ಬಡವರದು ಮತ್ತು ಪರದೇಶಿಯರದು ಅಂತ ಹೇಳಿತು.

ಎಷ್ಟು ಅನ್ನುವುದು ಬೈಬಲಿನಲ್ಲಿ ಇಲ್ಲ. ಅದನ್ನು ಮುಂದೆ ಯೆಹೂದಿ ಗುರುಗಳು ಕೂತು ಲೆಕ್ಕ ಹಾಕಿದರು. ಸುಮಾರು ಕ್ರಿ.ಶ. 200ರ ಹೊತ್ತಿಗೆ ಒಟ್ಟುಗೂಡಿದ ಮಿಷ್ನಾ ಅನ್ನುವ ಅವರ ನಿಯಮಗಳ ಗ್ರಂಥದಲ್ಲಿ, ಮೂಲೆ 60ರಲ್ಲಿ ಒಂದು ಪಾಲಿಗಿಂತ ಕಡಿಮೆ ಆಗಬಾರದು, ಹೊಲದ ಅಳತೆ, ಊರಿನ ಬಡವರ ಸಂಖ್ಯೆ, ಆ ವರ್ಷದ ಬೆಳೆ ನೋಡಿ ಹೆಚ್ಚಿಸಬೇಕು ಅಂತ ಇದೆ. ನಮ್ಮ ಅಳತೆಗೆ ತಂದರೆ ಎಕರೆಗೆ 40 ಗುಂಟೆ, ಅದರ 60ನೇ ಪಾಲು ಒಂದು ಗುಂಟೆಯೂ ಪೂರ್ತಿ ಆಗುವುದಿಲ್ಲ: ಸುಮಾರು 726 ಚದರ ಅಡಿ, 27 ಅಡಿ ಉದ್ದ 27 ಅಡಿ ಅಗಲದ ಒಂದು ತುಂಡು. ಕೊಯ್ಯುವಾಗ ಕೈಯಿಂದ ಒಂದೋ ಎರಡೋ ತೆನೆ ಜಾರಿ ಬಿದ್ದರೆ ಅದು ಬಡವರದು, ಮೂರು ಒಟ್ಟಿಗೆ ಬಿದ್ದರೆ ಒಡೆಯನದು ಅಂತಲೂ ಅವರು ಗೆರೆ ಎಳೆದರು.

ಇನ್ನೊಂದು ನಿಯಮ ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆಂದೇ ಬರೆದಂತಿದೆ. ಮೂಲೆಯ ಪೈರನ್ನು ಒಡೆಯ ಕೊಯ್ದು ಹಂಚಬಾರದು, ಬಡವರೇ ಬಂದು ಕೊಯ್ದುಕೊಳ್ಳಬೇಕು. ಆದರೆ ಚಪ್ಪರಕ್ಕೆ ಹಬ್ಬಿಸಿದ ಬಳ್ಳಿ ಮತ್ತು ಖರ್ಜೂರದ ಮರದ ಫಲವನ್ನು ಒಡೆಯನೇ ಇಳಿಸಿ ಹಂಚಬೇಕು. ಮರ ಹತ್ತಿದ ಬಡವ ಬಿದ್ದು ಕೈಕಾಲು ಮುರಿದುಕೊಳ್ಳಬಾರದು ಅನ್ನುವ ಕಾಳಜಿ ಅದರ ಹಿಂದಿದೆ. ಮೊದಲ ಅರ್ಧವನ್ನು ನಾವು ಸುಲಭವಾಗಿ ಮರೆಯುತ್ತೇವೆ. ಕ್ರಿಸ್ಮಸ್ ಹೊತ್ತಿಗೆ ಹತ್ತು ಜನರನ್ನು ಸಾಲಾಗಿ ನಿಲ್ಲಿಸಿ ಸೀರೆ ಹಂಚಿ ಫೋಟೋ ತೆಗೆಸಿಕೊಳ್ಳುವಾಗ ಯಾರಿಗೆ ಕೊಡಬೇಕು ಅನ್ನುವುದು ನಮ್ಮ ಕೈಯಲ್ಲೇ ಇರುತ್ತದೆ, ತೆಗೆದುಕೊಳ್ಳುವವರು ತಲೆ ತಗ್ಗಿಸಬೇಕಾಗುತ್ತದೆ. ಹೊಲದ ಮೂಲೆಯಲ್ಲಿ ಹಾಗಿಲ್ಲ. ಅಲ್ಲಿ ಬಂದವಳು ತನ್ನದನ್ನೇ ಕೊಯ್ದುಕೊಳ್ಳುತ್ತಾಳೆ. ಬೈಬಲಿನ ಬಡ ವಿಧವೆ ರೂತಳು ಬೋವಜ ಅನ್ನುವವನ ಹೊಲದಲ್ಲಿ ಸಂಜೆಯ ತನಕ ಹಕ್ಕಲಾಯ್ದು ಬಡಿದಾಗ ಒಂದು ಏಫಾ ಜವೆಗೋಧಿ ಆಯಿತು, ಸುಮಾರು 22 ಲೀಟರ್. ಬೋವಜ ಧಾರಾಳಿ, ಸಿವುಡಿನಿಂದ ತೆನೆ ಎಳೆದು ಬೇಕಂತಲೇ ಬೀಳಿಸಿರಿ ಅಂತ ಆಳುಗಳಿಗೆ ಹೇಳಿದ್ದ. ಆದರೂ ಬಗ್ಗಿ ಆರಿಸಿದವಳು ಅವಳೇ, ಮನೆಗೆ ಹೊತ್ತೊಯ್ದವಳೂ ಅವಳೇ.

ಹೊಲ ಇಲ್ಲದವರು ಏನು ಮಾಡಬೇಕು ಅಂತ ಕೇಳಬಹುದು. ಅಂಗಡಿಯವನಿಗೆ, ಹೊಲಿಗೆಯವನಿಗೆ, ಸರಕಾರಿ ನೌಕರನಿಗೆ ಮೂಲೆ ಅಂದರೆ ದುಡಿಮೆಯ ತುದಿಯನ್ನು ಮೊದಲೇ ತನ್ನದಲ್ಲ ಅಂತ ಎತ್ತಿಡುವುದು. ಉಳಿದರೆ ಕೊಡೋಣ ಅಂದರೆ ಉಳಿಯುವುದಿಲ್ಲ. ಕೊಯ್ಲಿಗೆ ಮೊದಲೇ ಮೂಲೆ ಗುರುತಾಗಿರಬೇಕು.

ಸಂತೆ ಹರಿದ ಮೇಲೆ ಬಂದ ಪಗಾರ

ಕೂಲಿಯವನ ಕೂಲಿಯನ್ನು ರಾತ್ರಿ ಕಳೆದು ಬೆಳಗಾಗುವ ತನಕ ಇಟ್ಟುಕೊಳ್ಳಬೇಡ ಅನ್ನುವುದು ಯಾಜಕಕಾಂಡದ ಅದೇ 19ನೇ ಅಧ್ಯಾಯದ 13ನೇ ವಚನ. ಧರ್ಮೋಪದೇಶಕಾಂಡದ 24ನೇ ಅಧ್ಯಾಯ ಕಾರಣವನ್ನೂ ಹೇಳುತ್ತದೆ: ಅವನು ಬಡವ, ಅದರ ಮೇಲೆಯೇ ಆಸೆ ಇಟ್ಟುಕೊಂಡಿದ್ದಾನೆ. ಯೇಸು ಹೇಳಿದ ದ್ರಾಕ್ಷಿತೋಟದ ಸಾಮ್ಯದಲ್ಲೂ ಸಂಜೆಯಾದ ಕೂಡಲೇ ಯಜಮಾನ ಆಳುಗಳನ್ನು ಕರೆಸಿ ಕೂಲಿ ಕೊಡಿಸುತ್ತಾನೆ. ನಮ್ಮಲ್ಲಿ ಕಸ ತೆಗೆಯುವ, ತೆನೆ ಮುರಿಯುವ ಕೆಲಸಕ್ಕೆ ಬಹಳ ಕಡೆ ವಾರದ ಬಟವಾಡೆ, ಅದೂ ಸಂತೆಯ ದಿನ. ವಾರಕ್ಕೊಮ್ಮೆ ಅಂತ ಇಬ್ಬರೂ ಒಪ್ಪಿದ್ದರೆ ಅದು ತಪ್ಪು ಅಂತ ನಾನು ಹೇಳುವುದಿಲ್ಲ. ತಪ್ಪು ಆಗುವುದು ಆ ದಿನದ ಹೊತ್ತಿನಲ್ಲಿ.

ಸಂತೆಯ ದಿನ ಯಾವುದೇ ಊರಿನ ದೊಡ್ಡ ಮನೆಯ ಕಟ್ಟೆಯ ಬಳಿ ಇದನ್ನು ನೋಡಬಹುದು. ಮಧ್ಯಾಹ್ನ ಕೈಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನಾಲ್ಕೈದು ಹೆಣ್ಣುಮಕ್ಕಳು ಬಂದು ನಿಲ್ಲುತ್ತಾರೆ. "ಸಾಹುಕಾರ್ರ, ಸಂತಿಗೆ ಹೋಗಬೇಕ್ರಿ." "ಸಂಜಿ ಮುಂದ ಬರ್ರಿ ಯವ್ವಾ, ಚಿಲ್ರಿ ಇಲ್ಲ." ಸಂಜೆ ಬಂದರೆ ಮನೆಯವರು ಪೇಟೆಗೆ ಹೋಗಿರುತ್ತಾರೆ. ರಾತ್ರಿ ರೊಕ್ಕ ಸಿಗುತ್ತದೆ, ಪೂರ್ತಿಯೇ ಸಿಗುತ್ತದೆ, ಒಂದು ರೂಪಾಯಿ ಕಡಿಮೆ ಇಲ್ಲ. ಆದರೆ ಅಷ್ಟರೊಳಗೆ ಸಂತೆ ಹರಿದಿರುತ್ತದೆ. ಇನ್ನು ವಾರವೆಲ್ಲ ಓಣಿಯ ಕಿರಾಣಿ ಅಂಗಡಿಯಲ್ಲಿ ಅವನು ಹೇಳಿದ ರೇಟಿಗೆ ತರಬೇಕು, ತರಕಾರಿ ಒಣಗಿದ್ದೇ ಗತಿ, ಇಲ್ಲವೇ ಉದ್ರಿ ಬರೆಸಬೇಕು. ಕೊಟ್ಟವನ ಲೆಕ್ಕದ ವಹಿಯಲ್ಲಿ ಮೋಸ ಕಾಣುವುದಿಲ್ಲ, ಅವಳ ಒಲೆಯ ಮೇಲೆ ಕಾಣುತ್ತದೆ. ಧರ್ಮಶಾಸ್ತ್ರ ಮೊತ್ತದ ಜೊತೆ ಹೊತ್ತನ್ನೂ ಹೇಳಿದ್ದು ಇದಕ್ಕಾಗಿ. ಕೊಯ್ದವರಿಗೆ ತಡೆಹಿಡಿದ ಕೂಲಿ ಕೂಗುತ್ತದೆ, ಆ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಬಿದ್ದಿದೆ ಅಂತ ಯಾಕೋಬನು ಬರೆದದ್ದೂ ಇದನ್ನೇ.

ಮಾಡುವುದು ಕಷ್ಟವಲ್ಲ. ಸಂತೆಯ ಹಿಂದಿನ ಸಂಜೆಯೇ ಲೆಕ್ಕ ಮುಗಿಸಬೇಕು. ಚಿಲ್ಲರೆ ಎರಡು ದಿನ ಮೊದಲೇ ಮಾಡಿಸಿಡಬೇಕು. ದುಡಿದವರ ಕೈಗೇ ಕೊಡಬೇಕು. ಈಗ ಫೋನಿನಲ್ಲಿ ಹಾಕಿಬಿಡುವ ರೂಢಿ ಬಂದಿದೆ, ಸುಲಭ. ಆದರೆ ಅವಳ ಹತ್ತಿರ ಫೋನ್ ಇಲ್ಲ, ಗಂಡನ ಫೋನಿಗೆ ಹೋಗುತ್ತದೆ, ಅಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದು ಸೆರೆ ಬಿಟ್ಟ ಸಾಕ್ಷಿ ಹೇಳುವವರಿಗೇ ಚೆನ್ನಾಗಿ ಗೊತ್ತು.

ಇದಕ್ಕೆ ಅಂಟಿಕೊಂಡೇ ಪರದೇಶಿಯ ಮಾತು ಬರುತ್ತದೆ. ಅಥಣಿ, ರಾಯಬಾಗ, ಗೋಕಾಕ, ಮುಧೋಳ, ಜಮಖಂಡಿ ಕಡೆ ಕ್ರಿಸ್ಮಸ್ ಬರುವುದು ಕಬ್ಬಿನ ಹಂಗಾಮಿನ ನಟ್ಟನಡುವೆ. ಮಹಾರಾಷ್ಟ್ರದ ಬೀಡ ಕಡೆಯಿಂದ ಬಂದ ಗ್ಯಾಂಗುಗಳು ಗದ್ದೆಯ ಪಕ್ಕ ಗುಡಿಸಲು ಹಾಕಿಕೊಂಡು, ಗ್ಯಾಂಗು ಕರೆತರುವ ಮುಕಾದಮನ ಹತ್ತಿರ ಮುಂಗಡ ಹಿಡಿದ ಸಾಲ ತೀರಿಸುತ್ತ, ನಸುಕಿನಲ್ಲೇ ಕಬ್ಬು ಕಡಿಯಲು ಇಳಿಯುತ್ತಾರೆ. ರವದಿಯ ಮೇಲೆ ಕೂಸನ್ನು ಮಲಗಿಸಿ ತಾಯಿ ಹೊರೆ ಕಟ್ಟುತ್ತಾಳೆ. ಸತ್ರದಲ್ಲಿ ಜಾಗವಿಲ್ಲದೆ ಗೋದಲಿಯಲ್ಲಿ ಮಲಗಿದ ಕೂಸಿನ ಹಾಡು ಹಾಡುತ್ತ ನಾವು ಅದೇ ದಾರಿಯಲ್ಲಿ ಹೋಗುತ್ತೇವೆ. ನಿಮ್ಮ ನಡುವೆ ಇರುವ ಪರದೇಶಿ ನಿಮಗೆ ಸ್ವದೇಶದವನ ಹಾಗೆಯೇ ಇರಬೇಕು, ಅವನನ್ನು ನಿನ್ನಂತೆಯೇ ಪ್ರೀತಿಸು ಅಂತ 34ನೇ ವಚನ ಹೇಳುತ್ತದೆ. ಅವರಿಗೆ ಕುಡಿಯುವ ನೀರಿನ ಕೊಳವೆ ಬಿಡುವುದು, ಕಬ್ಬಿನಲ್ಲಿ ಹಾವು ಕಚ್ಚಿದರೆ ಗಾಡಿ ತೆಗೆಯುವುದು, ಮರಾಠಿಯಲ್ಲಿ ನಾಲ್ಕು ಮಾತಾಡುವುದು ಈ ವಚನದ ಕೆಲಸವೇ. ಗ್ಯಾಂಗಿನವರು ಒಪ್ಪಿದ್ದಕ್ಕಿಂತ ಹೆಚ್ಚಿಗೆ ರೊಕ್ಕ ಕೇಳಿ ರೈತನನ್ನು ಕಟ್ಟಿಹಾಕುವುದೂ ಉಂಟು. ಆಗಲೂ 15ನೇ ವಚನ ಇದೆ: ಬಡವನೆಂದು ಪಕ್ಷಪಾತ ಬೇಡ, ದೊಡ್ಡವನೆಂದು ಮುಲಾಜು ಬೇಡ, ನ್ಯಾಯ ನೋಡು.

ಪ್ರಾರ್ಥನೆಯ ವಿಷಯ ಅನ್ನುವ ಹೆಸರಿನಲ್ಲಿ

ನಾಲಿಗೆಯ ವಿಷಯ ಎಲ್ಲರಿಗೂ ಗೊತ್ತಿರುವುದರಿಂದ ಒಂದೇ ಮಾತು. ಸಭೆಯಲ್ಲಿ ಚಾಡಿ ಬಹಳ ಸಲ ಪ್ರಾರ್ಥನೆಯ ವೇಷ ಹಾಕಿಕೊಂಡು ಬರುತ್ತದೆ. "ಅಕ್ಕಾರ, ಅವರ ಮಗಳ ಸಲುವಾಗಿ ಪ್ರಾರ್ಥನಾ ಮಾಡ್ರಿ, ಏನಾಗೈತಿ ಗೊತ್ತೈತೇನ್ರಿ?" ಇದಕ್ಕೆ ಯೇಸು ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಮೆಟ್ಟಿಲು ಹಾಕಿಕೊಟ್ಟಿದ್ದಾನೆ. ಮೊದಲು ನೀನೊಬ್ಬನೇ ಅವನ ಹತ್ತಿರ ಹೋಗು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ನಾವು ಮೂರನೆಯ ಮೆಟ್ಟಿಲಿನಿಂದ ಶುರುಮಾಡಿ ಪಾಸ್ಟರ್ ಮನೆಗೆ ಹೋಗುತ್ತೇವೆ. ಅಲ್ಲಿಗೆ ಮುಟ್ಟುವ ಹೊತ್ತಿಗೆ ಸುದ್ದಿ ಓಣಿ ತುಂಬ ಹರಡಿ, ತಪ್ಪು ಮಾಡಿದವನಿಗೆ ತಿರುಗಿ ಬರುವ ದಾರಿಯೇ ಮುಚ್ಚಿರುತ್ತದೆ. ಮದುವೆಯ ಮಾತು ಬಂದಾಗ "ಅವರು ಯಾರ ಪೈಕಿ?" ಅಂತ ಕೇಳುವ ನಾಲಿಗೆಯನ್ನೂ ಇಲ್ಲೇ ಸೇರಿಸಬೇಕು. ದೀಕ್ಷಾಸ್ನಾನದ ನೀರಿನಲ್ಲಿ ಮುಳುಗದೆ ಉಳಿದ ಪ್ರಶ್ನೆ ಅದು. ಪಕ್ಷಪಾತ ಬೇಡ ಅನ್ನುವ ಯಾಕೋಬನ ಪತ್ರಿಕೆಯ 2ನೇ ಅಧ್ಯಾಯ ಓದಿದ ಸಭೆಗೆ ಅದು ಒಪ್ಪುವುದಿಲ್ಲ.

ತಿರುಗಿ ಕೊಡುವ ಲೆಕ್ಕ

ತಕ್ಕಡಿ, ಕಲ್ಲು, ಏಫಾ, ಹಿನ್ ಎಲ್ಲವೂ ನ್ಯಾಯವಾಗಿರಬೇಕು ಅನ್ನುತ್ತವೆ ಈ ಅಧ್ಯಾಯದ ಕೊನೆಯ ವಚನಗಳು. ಏಫಾ ಕಾಳು ಅಳೆಯುವುದು, ಹಿನ್ ಎಣ್ಣೆ-ದ್ರಾಕ್ಷಾರಸ ಅಳೆಯುವುದು. ಚೀಲದಲ್ಲಿ ದೊಡ್ಡದೊಂದು ಚಿಕ್ಕದೊಂದು ಎರಡು ಬಗೆಯ ಕಲ್ಲು ಇಟ್ಟುಕೊಳ್ಳಬೇಡ ಅಂತ ಧರ್ಮೋಪದೇಶಕಾಂಡ ಹೇಳುತ್ತದೆ. ಕೊಳ್ಳುವಾಗ ಒಂದು, ಮಾರುವಾಗ ಒಂದು. ಈಗ ಕಲ್ಲಿನ ಬದಲು ಎಲೆಕ್ಟ್ರಾನಿಕ್ ಕಾಟಾ ಬಂದಿದೆ. ಆದರೂ ಕ್ವಿಂಟಲಿಗೆ ಇಷ್ಟು ಕಿಲೋ ಅಂತ ತೂಕದಲ್ಲಿ ಸೂಟ್ ಮುರಿಯುವುದು, ಚೀಲದ ತೂಕ ಅಂತ ಚೀಲಕ್ಕಿಂತ ಹೆಚ್ಚು ಹಿಡಿಯುವುದು ನಿಂತಿಲ್ಲ. ರೈತನೇನು ಕಡಿಮೆ ಇಲ್ಲ: ಒಣದ್ರಾಕ್ಷಿ ಡಬ್ಬಿಯ ಮೇಲಿನ ಪದರದಲ್ಲಿ ಹಸಿರು ಬಂಗಾರದಂಥ ಮಾಲು, ಕೆಳಗೆ ಕಪ್ಪು ಮಾಲು ತುಂಬುವವರು ಇದ್ದಾರೆ. ಬಸವಣ್ಣನವರು ಹುಟ್ಟಿದ ಜಿಲ್ಲೆಯಲ್ಲಿ ಕಾಯಕ ಶುದ್ಧವಿರಬೇಕು ಅಂತ ಕ್ರೈಸ್ತರು ಬಂದು ಹೊಸದಾಗಿ ಕಲಿಸಬೇಕಿಲ್ಲ. ನಮ್ಮ ಗ್ರಂಥ ಕೊಡುವುದು, ಮೋಸ ಮಾಡಿ ಆದಮೇಲೆ ಏನು ಮಾಡಬೇಕು ಅನ್ನುವ ವಿವರ.

ಅದು ಯಾಜಕಕಾಂಡದ 6ನೇ ಅಧ್ಯಾಯದ ಮೊದಲ ಏಳು ವಚನಗಳಲ್ಲಿ ಇದೆ, ಅರಣ್ಯಕಾಂಡದ 5ನೇ ಅಧ್ಯಾಯದಲ್ಲಿ ಇನ್ನಷ್ಟು ಇದೆ. ತಪ್ಪನ್ನು ಬಾಯಿಬಿಟ್ಟು ಒಪ್ಪಿಕೊಳ್ಳಬೇಕು. ತೆಗೆದುಕೊಂಡದ್ದನ್ನು ಪೂರ್ತಿ ಕೊಡಬೇಕು. ಅದರ ಮೇಲೆ ಐದನೆಯ ಒಂದು ಪಾಲು ಸೇರಿಸಬೇಕು. ಯಾರದೋ ಅವರಿಗೇ ಕೊಡಬೇಕು. ಆಮೇಲೆ ಟಗರು ತಂದು ಯಜ್ಞ. ಲೆಕ್ಕ ಹಾಕಿ ನೋಡೋಣ: ಒಬ್ಬ ರೈತನ 30 ಕ್ವಿಂಟಲ್ ಜೋಳದಲ್ಲಿ ಕ್ವಿಂಟಲಿಗೆ 2 ಕಿಲೋ ಅನ್ಯಾಯವಾಗಿ ಹಿಡಿದರೆ 60 ಕಿಲೋ ಆಯಿತು. ಕ್ವಿಂಟಲಿಗೆ 3,000 ರೂಪಾಯಿ ಅಂತ ಇಟ್ಟುಕೊಂಡರೆ 1,800 ರೂಪಾಯಿ. ಐದನೆಯ ಪಾಲು 360. ಒಟ್ಟು 2,160 ರೂಪಾಯಿ ಆ ರೈತನ ಕೈಗೆ ಹೋಗಬೇಕು. ಸುಂಕ ವಸೂಲಿಯಲ್ಲಿ ಮೋಸ ಮಾಡಿದ್ದರೆ ತಿರುಗಿ ಕೊಡುತ್ತೇನೆಂದ ಜಕ್ಕಾಯನು ನಾಲ್ಕರಷ್ಟು ಅಂದನು, ಅದು ಕದ್ದ ಕುರಿಗೆ ನಾಲ್ಕು ಕುರಿ ಅನ್ನುವ ವಿಮೋಚನಕಾಂಡದ ಲೆಕ್ಕ. ತಾನಾಗಿ ಒಪ್ಪಿಕೊಂಡವನಿಗೆ ಐದನೆಯ ಪಾಲು ಸಾಕಾಗಿತ್ತು, ಅವನು ಕಳ್ಳನ ದಂಡವನ್ನೇ ತನ್ನ ಮೇಲೆ ಹಾಕಿಕೊಂಡ. ಅವನು ಕೊಟ್ಟ ಮೇಲೆ ಯೇಸು ಅವನ ಮನೆಗೆ ಹೋದದ್ದಲ್ಲ, ಯೇಸು ಮನೆಗೆ ಬಂದ ಮೇಲೆ ಅವನ ಕೈ ಬಿಚ್ಚಿತು.

ಇಲ್ಲಿ ಎಡವುವುದು ಹೆಚ್ಚಾಗಿ ಎರಡು ಕಡೆ. ಮನಸ್ಸು ಚುಚ್ಚಿದವರು ಆ ರೊಕ್ಕವನ್ನು ಕಾಣಿಕೆ ಚೀಲಕ್ಕೆ ಹಾಕಿ ಹಗುರಾಗುತ್ತಾರೆ. ದೇವರಿಗೆ ಕೊಟ್ಟೆ ಅನ್ನಿಸುತ್ತದೆ, ಆದರೆ ರೈತನ 60 ಕಿಲೋ ರೈತನಿಗೆ ಮುಟ್ಟಲಿಲ್ಲ. ಮೋಸ ಹೋದವನು ತೀರಿಕೊಂಡು, ವಾರಸುದಾರರೂ ಇಲ್ಲದಾಗ ಮಾತ್ರ ಅದು ಯಾಜಕನಿಗೆ ಸಲ್ಲಬೇಕು ಅಂತ ಅರಣ್ಯಕಾಂಡ ಹೇಳುತ್ತದೆ. ಎರಡನೆಯದು, ಮೊತ್ತ ಹೇಳದೆ "ಏನರ ತಪ್ಪಾಗಿದ್ರ ಕ್ಷಮಾ ಮಾಡ್ರಿ ಕಾಕಾ" ಅನ್ನುವುದು. ಲೆಕ್ಕವಿಲ್ಲದ ಕ್ಷಮೆ ಕೇಳಿದವನಿಗೆ ಸಮಾಧಾನ ಕೊಡುತ್ತದೆ, ಕೇಳಿಸಿಕೊಂಡವನ ಕೈಗೆ ಏನೂ ಬರುವುದಿಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅಂತ ಪರ್ವತ ಪ್ರಸಂಗದಲ್ಲಿ ಯೇಸು ಹೇಳಿದ್ದನ್ನು ಈ ಲೆಕ್ಕದ ಪಕ್ಕ ಇಟ್ಟು ಓದಬೇಕು.

ಕೂಟ ಮುಗಿದ ಮುಂದಿನ ತಿಂಗಳು

ಉಜ್ಜೀವನ ಕೂಟದ ಕೊನೆಯ ರಾತ್ರಿ ಅಳುತ್ತ ಮುಂದೆ ಬಂದವರು ತಿಂಗಳೊಪ್ಪತ್ತಿನಲ್ಲಿ ಹಳೆಯ ದಾರಿಗೆ ಬೀಳುವುದು ಹೊಸದಲ್ಲ. ಅವರ ಕಣ್ಣೀರು ಸುಳ್ಳು ಅನ್ನುವುದು ತಪ್ಪು. ಬಿಟ್ಟ ಜಾಗದಲ್ಲಿ ಏನೂ ಇಡಲಿಲ್ಲ ಅನ್ನುವುದು ಹೆಚ್ಚು ನಿಜ. ಎಫೆಸದವರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯದಲ್ಲಿ ಪೌಲನು ಯಾವುದನ್ನೂ ಬರೀ ತೆಗೆದುಹಾಕಿ ಅನ್ನುವುದಿಲ್ಲ. ಸುಳ್ಳು ತೆಗೆದು ನಿಜ ಹೇಳಿ. ಕಳ್ಳನು ಕದಿಯುವುದನ್ನು ಬಿಟ್ಟರೆ ಸಾಲದು, ಕೈಯಿಂದ ದುಡಿಯಬೇಕು, ದುಡಿದದ್ದರಲ್ಲಿ ಇಲ್ಲದವನಿಗೆ ಕೊಡಬೇಕು. ಕೊಡುವವನಾಗುವ ತನಕ ಅವನ ಪರಿಶುದ್ಧತೆ ಅರ್ಧ ದಾರಿಯಲ್ಲೇ ಇದೆ. ಸಂಜೆ ಸೆರೆ ಅಂಗಡಿಯ ಮುಂದೆ ಕಳೆಯುತ್ತಿದ್ದ ಎರಡು ತಾಸು ಖಾಲಿ ಉಳಿದರೆ ಅವನು ತಿರುಗಿ ಅಲ್ಲಿಗೇ ಹೋಗುತ್ತಾನೆ. ಆ ತಾಸುಗಳನ್ನು ಮಗಳ ಅಭ್ಯಾಸಕ್ಕೆ, ಅಕ್ಕಪಕ್ಕದ ರೋಗಿಯನ್ನು ದವಾಖಾನೆಗೆ ಕರೆದೊಯ್ಯುವುದಕ್ಕೆ ಹಚ್ಚಿದವನು ಹೆಚ್ಚಾಗಿ ನಿಲ್ಲುತ್ತಾನೆ.

ಒಬ್ಬನೇ ನಿಲ್ಲುವುದು ಕಷ್ಟ. ಬೆಳಗಾವಿ, ವಿಜಯಪುರದ ಕಡೆ ಮೆಥೋಡಿಸ್ಟ್ ಸಭೆಗಳು ಇರುವುದರಿಂದ ಆ ಪಂಥ ಶುರುಮಾಡಿದ ಜಾನ್ ವೆಸ್ಲಿಯ ಹೆಸರು ನಮ್ಮವರಿಗೆ ಹೊಸದಲ್ಲ, ಅವನ ಪದ್ಧತಿ ಮಾತ್ರ ಮರೆತುಹೋಗಿದೆ. 1738ರಲ್ಲಿ ಅವನು ಸಣ್ಣ ಗುಂಪುಗಳಿಗೆ ನಿಯಮ ಬರೆದ. ಗಂಡಸರು ಬೇರೆ, ಹೆಂಗಸರು ಬೇರೆ, ವಾರಕ್ಕೊಮ್ಮೆ, ಹೊತ್ತಿಗೆ ಸರಿಯಾಗಿ ಸೇರಬೇಕು. ಪ್ರತಿಯೊಬ್ಬರಿಗೂ ಕೇಳುವ ಪ್ರಶ್ನೆಗಳು: ಕಳೆದ ಸಲ ಕೂಡಿದ ಮೇಲೆ ಗೊತ್ತಿದ್ದೂ ಮಾಡಿದ ಪಾಪ ಯಾವುದು? ಯಾವ ಶೋಧನೆ ಬಂತು? ಅದರಿಂದ ಹೇಗೆ ಪಾರಾದೆ? ಪಾಪವೋ ಅಲ್ಲವೋ ಅಂತ ಅನುಮಾನ ಇರುವಂಥದ್ದು ಏನು ಮಾಡಿದೆ, ಏನು ಆಡಿದೆ? ನಾಲ್ಕು ವರ್ಷದ ಮೇಲೆ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ತಲೆಗೆ ವಾರಕ್ಕೆ ಒಂದು ಪೆನ್ನಿ ಕೂಡಿಸಬೇಕೆಂದು ಸುಮಾರು 12 ಜನರಿಗೆ ಒಬ್ಬರನ್ನು ನೇಮಿಸಿದಾಗ, ರೊಕ್ಕ ತರಲು ಮನೆಮನೆಗೆ ಹೋದವರಿಗೆ ಮನೆಯ ಒಳಗಿನ ಸ್ಥಿತಿ ಕಾಣಿಸಿತು. ಆ ಗುಂಪುಗಳೇ ಮುಂದೆ ಮೆಥೋಡಿಸ್ಟರ ಬೆನ್ನೆಲುಬಾದವು.

ಇದನ್ನು ಇಲ್ಲಿ ಮಾಡುವವರು ಐದಾರು ಜನರಿಗಿಂತ ಹೆಚ್ಚು ಸೇರಿಸಬಾರದು. ಹತ್ತಾದರೆ ಅದು ಮತ್ತೆ ಸಾಕ್ಷಿಕೂಟ ಆಗಿಬಿಡುತ್ತದೆ, ಜನ ಒಳ್ಳೆಯದನ್ನೇ ಹೇಳುತ್ತಾರೆ. ಒಬ್ಬರ ಹೊಲದಲ್ಲಿ ಇನ್ನೊಬ್ಬರು ದುಡಿಯುವವರಿದ್ದರೆ ಇಬ್ಬರನ್ನೂ ಒಂದೇ ಗುಂಪಿನಲ್ಲಿ ಕೂರಿಸಬಾರದು. ಆಳು ಯಜಮಾನನ ಮುಂದೆ ಬಾಯಿ ಬಿಡುವುದಿಲ್ಲ, ಯಜಮಾನ ಆಳಿನ ಮುಂದೆ ಒಪ್ಪಿಕೊಳ್ಳುವುದಿಲ್ಲ. ಅಲ್ಲಿ ಆಡಿದ ಮಾತು ಪಾಸ್ಟರ್ ಮನೆಗೂ, ಸ್ವಂತ ಹೆಂಡತಿಯ ಕಿವಿಗೂ ಹೋಗಬಾರದು. ಮಾತು ಹೊರಬಿದ್ದ ದಿನವೇ ಗುಂಪು ಮುಗಿಯಿತು ಅಂತ ತಿಳಿಯಬೇಕು. ಇನ್ನು ಯಾರಾದರೂ ತೂಕದ್ದೋ ಪಗಾರದ್ದೋ ಬಾಕಿಯನ್ನು ಒಪ್ಪಿಕೊಂಡರೆ, ಪ್ರಾರ್ಥನೆ ಮಾಡಿ ಕಳಿಸಿಬಿಡದೆ, ಅಲ್ಲೇ ಲೆಕ್ಕ ಬರೆದು, ಯಾವ ದಿನ ಕೊಡುವುದು ಅಂತ ಗೊತ್ತುಮಾಡಿ, ಗುಂಪಿನಲ್ಲಿ ಒಬ್ಬರು ಅವರ ಜೊತೆ ಆ ಮನೆಯ ತನಕ ಹೋಗಬೇಕು.